ಹೆಂಪ್ ಬೀಜದ ಆಮದು ನಿರ್ಬಂಧಗಳು

ಗಾಂಜಾ ಸಸ್ಯಜಾತಿಗೇ ಸೇರಿದ್ದರೂ ಮಾದಕಾಂಶವು ಅತ್ಯಲ್ಪವಾಗಿರುವ, ನಾರಿಗಾಗಿಯೂ ಬೀಜಕ್ಕಾಗಿಯೂ ಬೆಳೆಯಲ್ಪಡುವ ತಳಿಗಳಿಗೆ ಹೆಂಪ್ ಎಂದು ಹೆಸರು. ನಮ್ಮ ರೈತರು ಹಸಿರು ಗೊಬ್ಬರಕ್ಕೆಂದು ಬಿತ್ತುವ ಸೆಣಬಾಗಲಿ, ಗೋಣಿಚೀಲದ ಸೆಣಬಾಗಲಿ ಇದಲ್ಲ. ಇದರ ಬೀಜ ಮೆಣಸಿನ ಕಾಳಿಗಿಂತ ಚಿಕ್ಕದು. ಬೂದುಗಂದು ಚಿಪ್ಪಿನ ಮೇಲೆ ಬಲೆಯಂಥ ಸಣ್ಣ ಗೆರೆಗಳು. ಹಲ್ಲಿಗೆ ಸಿಕ್ಕರೆ ಚಿಟಿಲ್ಲೆಂದು ಒಡೆದು ಎಣ್ಣೆಯಂಶದ ಬಿಳಿಯ ತಿರುಳು ನಾಲಗೆಗೆ ಹತ್ತುತ್ತದೆ. ಆ ತಿರುಳಿನಲ್ಲಿ ಅಮಲಿನ ದ್ರವ್ಯವಾದ ಟಿಎಚ್‌ಸಿ ಹುಟ್ಟುವುದಿಲ್ಲ; ಕಾಳನ್ನು ಅಪ್ಪಿಕೊಂಡಿರುವ ಹೂವಿನೆಸಳಿನಂಥ ಹೊದಿಕೆಯ ಅಂಟು ಸಿಪ್ಪೆಗೆ ತಗುಲಿ ಲೇಶಮಾತ್ರ ಉಳಿಯುವುದುಂಟು. ಸುಂಕದ ಕಟ್ಟೆಗಳಲ್ಲಿ ನಡೆದ ವ್ಯಾಜ್ಯಗಳು ಬಹುಮಟ್ಟಿಗೆ ಈ ಲೇಶವನ್ನೂ, ಬೀಜದ ಮೊಳೆಯುವ ಶಕ್ತಿಯನ್ನೂ ಕುರಿತವು.

ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ. 1937ರಲ್ಲಿ ಅಲ್ಲಿನ ಶಾಸನಸಭೆಯು ಮರಿವಾನಾ (ಅಂದರೆ ಗಾಂಜಾ) ತೆರಿಗೆಯ ಮಸೂದೆಯನ್ನು ವಿಚಾರಣೆಗೆ ತೆಗೆದುಕೊಂಡಾಗ, ಪಾರಿವಾಳಗಳಿಗೂ ಹಾಡುಹಕ್ಕಿಗಳಿಗೂ ಕಾಳು ಮಾರುತ್ತಿದ್ದ ಬೀಜವರ್ತಕರು ಮುಂದೆ ಬಂದು ತಮ್ಮ ಅಹವಾಲನ್ನು ಹೇಳಿಕೊಂಡರು. ತತ್ಫಲವಾಗಿ ಮೊಳೆಯದಂತೆ ಮಾಡಿದ ಬೀಜ, ಬೀಜದ ಎಣ್ಣೆ, ಹಿಂಡಿ ಮತ್ತು ಬಲಿತ ಕಾಂಡದ ನಾರು ಇವು ಮರಿವಾನಾದ ವ್ಯಾಖ್ಯೆಯಿಂದ ಹೊರಗುಳಿದವು. 1970ರ ಮಾದಕದ್ರವ್ಯ ನಿಯಂತ್ರಣ ಶಾಸನವೂ ಈ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು.

ಶಾಸನದ ಮಾತು ಇಷ್ಟು ನಿಚ್ಚಳವಾಗಿದ್ದಾಗ್ಯೂ, ಕೆನಡಾ ದೇಶವು 1998ರಲ್ಲಿ ಹೆಂಪ್ ಕೃಷಿಗೆ ಅನುಮತಿಯಿತ್ತ ಮರುವರ್ಷವೇ, ಕೆನೆಕ್ಸ್ ಎಂಬ ಅಲ್ಲಿನ ಸಂಸ್ಥೆ ಕಳುಹಿಸಿದ ಸುಮಾರು 20 ಟನ್ ನಿರ್ಜೀವೀಕೃತ ಹಕ್ಕಿಕಾಳನ್ನು ಅಮೆರಿಕದ ಸುಂಕಾಧಿಕಾರಿಗಳು ಡೆಟ್ರಾಯ್ಟ್ ಗಡಿಯಲ್ಲಿ ಮುಟ್ಟುಗೋಲು ಹಾಕಿದರು. 2001 ಮತ್ತು 2003ರಲ್ಲಿ ಮಾದಕದ್ರವ್ಯ ನಿಗ್ರಹ ಇಲಾಖೆಯು ಟಿಎಚ್‌ಸಿಯ ಲೇಶವಿರುವ ಆಹಾರವನ್ನೂ ನಿಷೇಧಕ್ಕೆ ಒಳಪಡಿಸುವ ನಿಯಮಗಳನ್ನು ಹೊರಡಿಸಿತಾದರೂ, 2004ರ ಫೆಬ್ರವರಿಯಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಶಾಸನವೇ ಹೊರಗಿರಿಸಿದ್ದನ್ನು ಇಲಾಖೆಯು ನಿಯಮದ ಮೂಲಕ ಒಳಗೆ ತರಲಾಗದೆಂದು ಅವನ್ನು ತಡೆಯಿತು. ಇದು ಸಂಪೂರ್ಣ ನ್ಯಾಯವಾದ ತೀರ್ಪು. ಅಫೀಮಿನ ಕಾಯಿಯೊಳಗೇ ಬಲಿಯುವ ಗಸಗಸೆಯಿಂದ ಪಾಯಸ ಮಾಡಿ ಉಣ್ಣುವ ನಮ್ಮವರಿಗೆ, ಗಿಡದ ದೋಷವನ್ನು ಬೀಜಕ್ಕೆ ಹೊರಿಸಕೂಡದೆಂಬ ವಿವೇಕ ಹೊಸದೇನಲ್ಲ. 2018ರ ಕೃಷಿ ಶಾಸನವು ಒಣತೂಕದಲ್ಲಿ ಶೇ. 0.3ಕ್ಕೆ ಮೀರದ ಟಿಎಚ್‌ಸಿ ಇರುವ ಹೆಂಪನ್ನು ಮಾದಕದ್ರವ್ಯಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಆದರೂ ಬಿತ್ತನೆಯ ಬೀಜವನ್ನು ಅಲ್ಲಿಗೆ ತರುವವರು ಸಸ್ಯಾರೋಗ್ಯದ ಪ್ರಮಾಣಪತ್ರಗಳನ್ನು ಒದಗಿಸಬೇಕಾಗುತ್ತದೆ. ಇದು ರೋಗಕೀಟಗಳ ಭಯದಿಂದ ಹುಟ್ಟಿದ ನಿಯಮ, ಅಮಲಿನ ಭಯದಿಂದಲ್ಲ.

ಯುರೋಪಿನ ಒಕ್ಕೂಟದಲ್ಲಿ ಹೆಂಪ್ ಆಮದಿಗೆ ಪರವಾನಗಿ ಬೇಕು; ಬಿತ್ತನೆಗಲ್ಲದ ಬೀಜವನ್ನು ಅಧಿಕೃತ ಆಮದುದಾರರು ಮಾತ್ರ ತರಬಹುದು.

ಭಾರತದ 1985ರ ಮಾದಕದ್ರವ್ಯ ಶಾಸನವು ಗಾಂಜಾ ಎಂಬುದನ್ನು ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿಗಳೆಂದು ವಿವರಿಸಿ, ತುದಿಗಳ ಜೊತೆಗಿಲ್ಲದ ಬೀಜವನ್ನೂ ಎಲೆಯನ್ನೂ ಅದರಿಂದ ಬೇರ್ಪಡಿಸಿತು. ಕುಮಾವೂಂ ಬೆಟ್ಟಗಳ ಮನೆಗಳಲ್ಲಿ ಈ ಬೀಜವನ್ನು ಹುರಿದು ಅರೆದು ಚಟ್ನಿ ಮಾಡುವುದು ವಾಡಿಕೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಈ ಬೀಜವನ್ನು ಆಹಾರವೆಂದು ಅಂಗೀಕರಿಸಿ, ಟಿಎಚ್‌ಸಿಯ ಮಿತಿಯನ್ನು ಕಿಲೋಗ್ರಾಂ ಬೀಜಕ್ಕೆ 5 ಮಿಲಿಗ್ರಾಂ, ಎಣ್ಣೆಗೆ 10 ಮಿಲಿಗ್ರಾಂ ಎಂದು ಗೊತ್ತುಪಡಿಸಿತು.