ಕರ್ಲಾಕಟ್ಟೆ, ಕೋಲು, ಒನಕೆ: ಆಯುಧ ಯಾವುದು, ಮನೆಸಾಮಾನು ಯಾವುದು?

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ ಒಂದು ಸಣ್ಣ ಪ್ರಶ್ನೆ. ಆಯುಧ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಕತ್ತಿ, ಈಟಿ, ಬಿಲ್ಲು, ಬಂದೂಕು. ಸರಿ. ಹಾಗಾದ್ರೆ ಒನಕೆ? ಬಿದಿರಿನ ಕೋಲು? ದುಂಡನೆಯ ಒಂದು ಕಲ್ಲು? ಇವೆಲ್ಲ ಮನೆಸಾಮಾನು ತಾನೇ ಅಂತೀರಾ? ನಮ್ಮ ಗರಡಿ ಮನೆಗಳ ಇತಿಹಾಸ ನೋಡಿದ್ರೆ ಈ ಎರಡರ ನಡುವಿನ ಗೆರೆ ಅಷ್ಟು ಸಲೀಸಾಗಿ ಸಿಗೋದಿಲ್ಲ.

ವಿಜಯನಗರದಿಂದ ಶುರು ಮಾಡೋಣ. ಸುಮಾರು 1520ರ ಹೊತ್ತಿಗೆ ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಅಲ್ಲಿಗೆ ಬಂದಿದ್ದ. ಕೃಷ್ಣದೇವರಾಯನ ದಿನಚರಿ ಬಗ್ಗೆ ಅವನು ಬರೆದಿರೋದು ಕೇಳಿದ್ರೆ ಇವತ್ತಿನ ಜಿಮ್‌ನವರೂ ಬೆರಗಾಗ್ತಾರೆ. ರಾಜ ಬೆಳಕು ಹರಿಯೋ ಮುಂಚೆ ಏಳ್ತಾನೆ, ಎಳ್ಳೆಣ್ಣೆ ಕುಡೀತಾನೆ, ಮೈಗೆಲ್ಲ ಎಣ್ಣೆ ಹಚ್ಚಿಸ್ಕೋತಾನೆ. ಆಮೇಲೆ ಮಣ್ಣಿನಿಂದ ಮಾಡಿದ ದೊಡ್ಡ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತುತ್ತಾನೆ. ನಂತರ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೂ ಅಭ್ಯಾಸ. ಅದಾದ ಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ.

ಕ್ರಮ ಗಮನಿಸಿ. ದಕ್ಷಿಣ ಭಾರತದ ಅತಿ ದೊಡ್ಡ ಸೈನ್ಯದ ಒಡೆಯ ಬೆಳಗ್ಗೆ ಮೊದಲು ಕೈಗೆ ತಗೊಂಡಿದ್ದು ಕತ್ತಿಯಲ್ಲ. ಮಡಕೆ, ಕುಡಿಕೆ ಮಾಡೋ ಅದೇ ಮಣ್ಣಿನ ತೂಕ. ಕತ್ತಿ ಹಿಡಿಯೋ ತೋಳನ್ನು ಮೊದಲು ಮಣ್ಣು ತಯಾರು ಮಾಡ್ತಿತ್ತು.

ಇದು ಒಬ್ಬ ರಾಜನ ಶೋಕಿಯೂ ಅಲ್ಲ. ಅವನಿಗಿಂತ ಸುಮಾರು ನಾನ್ನೂರು ವರ್ಷ ಮೊದಲು, 12ನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆದಾಗ ಅದರಲ್ಲಿ ಮಲ್ಲರಿಗೆ ಅಂತಲೇ ಒಂದು ಭಾಗ ಇಟ್ಟ. ಅವರ ಊಟ, ಅವರ ದರ್ಜೆ, ಅವರ ಕಸರತ್ತು ಎಲ್ಲ ಅಲ್ಲಿದೆ. ಅಂದ್ರೆ ಮಲ್ಲರ ತಾಲೀಮು ನಮ್ಮಲ್ಲಿ ಅಷ್ಟು ಹಿಂದೆಯೇ ಬರೆದಿಡಬೇಕಾದ ವಿದ್ಯೆಯಾಗಿತ್ತು.

ಈಗ ಗರಡಿಯೊಳಗೆ ಹೋಗೋಣ. ಚಪ್ಪಲಿ ಹೊರಗೆ ಬಿಡಿ. ಮೈಸೂರಿನ ಹಳೇ ಗರಡಿಗಳಲ್ಲಿ ಬಾಗಿಲು ಗಿಡ್ಡ ಇರುತ್ತೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಏನೇನಿದೆ?

ಮೊದಲನೆಯದು ಮಣ್ಣು, ಗರಡಿ ಭಾಷೆಯಲ್ಲಿ ಮಟ್ಟಿ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಸೇರಿಸಿ ಹದ ಮಾಡ್ತಾರೆ. ಇದು ಬರೀ ನೆಲ ಅಲ್ಲ. ಸಲಿಕೆ ಹಿಡಿದು ಮಟ್ಟಿ ಅಗೆದು ಸಮ ಮಾಡೋದೇ ಹೊಸ ಹುಡುಗನ ಮೊದಲ ವ್ಯಾಯಾಮ. ಹೊಲದ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಕಮ್ಮಿ.

ಎರಡನೆಯದು ಭಾರ. ಗುಂಡುಕಲ್ಲು, ಗದೆ, ಕರ್ಲಾಕಟ್ಟೆ. ಹಿಡಿಯೋ ಕಡೆ ಸಣ್ಣಗೆ, ತುದಿ ಕಡೆ ದಪ್ಪಗೆ ಇರೋ ಮರದ ತುಂಡೇ ಕರ್ಲಾಕಟ್ಟೆ. ತೂಕ ಎಲ್ಲಿದೆ ಅನ್ನೋದೇ ಇದರ ಗುಟ್ಟು. ಬೇಕಿದ್ರೆ ಮನೆಯಲ್ಲಿ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಎದೆಗೆ ಒತ್ತಿ ಹಿಡಿಯಿರಿ, ಏನೂ ಅನ್ನಿಸೋದಿಲ್ಲ. ಅದನ್ನೇ ತೋಳು ಪೂರ್ತಿ ಚಾಚಿ ಎರಡು ನಿಮಿಷ ಹಿಡೀರಿ ನೋಡೋಣ! ತೂಕ ಅದೇ, ಭುಜಕ್ಕೆ ಬೀಳೋ ಹೊರೆ ಬೇರೆ. ಕರ್ಲಾಕಟ್ಟೆ ತಲೆಯ ಹಿಂದಿನಿಂದ ಸುತ್ತಿ ಭುಜದ ಮೇಲಿಂದ ಮುಂದಕ್ಕೆ ಬರುವಾಗ ತೋಳು ಹೋಗೋ ದಾರಿ, ಕತ್ತಿ ಬೀಸೋವಾಗ ತೋಳು ಹೋಗೋ ದಾರಿಗೆ ತೀರಾ ಹತ್ತಿರ. ಇದಕ್ಕೆ ಮೊನೆ ಇಲ್ಲ, ಅಲಗಿಲ್ಲ. ಆದ್ರೆ ಪಾಠ ಮಾತ್ರ ಅದೇ.

ಮೂರನೆಯದು ನಿಜವಾದ ಆಯುಧ. ಅದು ತೀರಾ ಚಿಕ್ಕದು: ವಜ್ರಮುಷ್ಟಿ. ಬೆರಳಿಗೆ ತೊಡುವ, ಗಟ್ಟಿಯಾದ ಮುಳ್ಳುಗಳಿರೋ ಮುಷ್ಟಿ. ಮೈಸೂರು ದಸರೆಯ ವಿಜಯದಶಮಿ ದಿನ, ಜಂಬೂ ಸವಾರಿ ಹೊರಡೋ ಮುಂಚೆ, ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಜೋಡಿಯಾಗಿ ಇದನ್ನು ತೊಟ್ಟು ಎದುರುಬದುರಾಗ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಬರೋದು ವಾಡಿಕೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ಕಾಳಗ ಮುಗೀತು. ಕೆಲವೇ ಕ್ಷಣದ ಆಟ. ಹಿಂದೆ ಇದು ಇಷ್ಟು ಮೃದುವಾಗಿರಲಿಲ್ಲ. ಮಹಾನವಮಿಯಲ್ಲಿ ಮಲ್ಲರ ಹಲ್ಲು ಮುರಿಯೋದು, ಕಣ್ಣು ಹೋಗೋದು, ಪ್ರಜ್ಞೆ ತಪ್ಪಿದವರನ್ನು ಗೆಳೆಯರು ಹೊತ್ತೊಯ್ಯೋದನ್ನು ಅದೇ ಪಾಯಸ್ ದಾಖಲಿಸಿದ್ದಾನೆ.

ನೋಡಿ, ಇಡೀ ಗರಡಿಯಲ್ಲಿ ರಕ್ತ ಬರಿಸೋಕೆ ಅಂತಲೇ ಮಾಡಿದ ವಸ್ತು ಇದೊಂದೇ. ಅದು ಹೊರಗೆ ಬರೋದು ವರ್ಷಕ್ಕೊಂದು ದಿನ. ಉಳಿದ 364 ದಿನ ಕೆಲಸ ಮಾಡೋದು ಮಣ್ಣು, ಕಲ್ಲು, ಮರ.

ಈ ಲೆಕ್ಕ ಗರಡಿ ಉಸ್ತಾದರಿಗೆ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಿತ್ತಾ? 1878ಕ್ಕೆ ಬನ್ನಿ. ವೈಸರಾಯ್ ಲಿಟ್ಟನ್ ಕಾಲದಲ್ಲಿ ಬ್ರಿಟಿಷರು ಶಸ್ತ್ರಾಸ್ತ್ರ ಕಾಯ್ದೆ ತಂದರು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಭಾರತೀಯರು ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಳ್ಳೋ ಹಾಗಿಲ್ಲ. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ! ಭಾರತೀಯರಲ್ಲಿ ವಿನಾಯಿತಿ ಸಿಕ್ಕ ಕೆಲವೇ ಜನರಲ್ಲಿ ನಮ್ಮ ಕೊಡವರೂ ಇದ್ದರು, ಬಂದೂಕಿನ ವಿಷಯದಲ್ಲಿ ಆ ವಿನಾಯಿತಿ ಇವತ್ತಿಗೂ ನಡೀತಿದೆ.

ಆದ್ರೆ ಕಾಯ್ದೆಗೆ ಒಂದು ತೊಡಕು ಇತ್ತು. ಕತ್ತಿ, ಬಂದೂಕಿನ ಪಟ್ಟಿ ಮಾಡಬಹುದು. ದನ ಕಾಯೋನ ಕೈಯ ಕೋಲನ್ನು, ಮುದುಕರ ಊರುಗೋಲನ್ನು ಪಟ್ಟಿಗೆ ಹೇಗೆ ಸೇರಿಸ್ತೀರಿ? ಆಯುಧ ಹೋಯ್ತು, ಕೋಲು ಉಳೀತು. ಬಂಗಾಳದ ಅನುಶೀಲನ ಸಮಿತಿಯ ಕ್ರಾಂತಿಕಾರಿಗಳು ಹುಡುಗರಿಗೆ ಕಲಿಸಿದ್ದು ಲಾಠಿಯನ್ನೇ. ಢಾಕಾದಲ್ಲಿ ಪುಲಿನ್ ಬಿಹಾರಿ ದಾಸ್ ಆ ವಿದ್ಯೆಗೇ ಹೆಸರುವಾಸಿ. ತಮಾಷೆ ಏನಂದ್ರೆ, ಸತ್ಯಾಗ್ರಹಿಗಳ ಮೇಲೆ ಪೊಲೀಸರು ಬೀಸಿದ್ದೂ ಅದೇ ಲಾಠಿ. ಬಿದಿರು ಒಂದೇ, ಹಿಡಿದ ಕೈ ಬೇರೆ.

ಇದಕ್ಕೂ ಮೊದಲೇ ನಮ್ಮ ಕರ್ಲಾಕಟ್ಟೆ ಹಡಗು ಹತ್ತಿತ್ತು. ಇಲ್ಲಿನ ಸಿಪಾಯಿಗಳು, ಪೈಲ್ವಾನರು ತಿರುಗಿಸೋದನ್ನು ನೋಡಿದ ಬ್ರಿಟಿಷ್ ಸೇನಾಧಿಕಾರಿಗಳು ಅದನ್ನು ತಮ್ಮೂರಿಗೆ ಒಯ್ದರು. 1834ರಲ್ಲಿ ಡೊನಾಲ್ಡ್ ವಾಕರ್ ಲಂಡನ್‌ನಲ್ಲಿ ತಂದ ವ್ಯಾಯಾಮದ ಪುಸ್ತಕದಲ್ಲಿ ಇದಕ್ಕೆ ಜಾಗ ಸಿಕ್ತು. ಅಲ್ಲಿ ಇದರ ಹೆಸರು 'ಇಂಡಿಯನ್ ಕ್ಲಬ್'. ತೂಕ ಕಮ್ಮಿ ಮಾಡಿದರು, ಬಣ್ಣ ಬಳಿದರು, ಶಾಲೆ ಮಕ್ಕಳಿಗೂ ಕೊಟ್ಟರು. 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ಲಬ್ ತಿರುಗಿಸೋದಕ್ಕೆ ಪದಕವೇ ಇತ್ತು. ಎರಡೂ ಸಲ ಚಿನ್ನ ಅಮೆರಿಕದವರಿಗೆ. ಹೆಸರಲ್ಲಿ ಇಂಡಿಯಾ ಇದ್ದ ಆಟದಲ್ಲಿ ಇಂಡಿಯಾದವರಿಗೆ ಪದಕ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಗಂಡಸರ ಜಾಗದ ಕಥೆ. ಹೆಚ್ಚಿನ ಗರಡಿಗಳ ಹೊಸ್ತಿಲನ್ನು ಹೆಂಗಸರು ದಾಟೋ ಹಾಗಿರಲಿಲ್ಲ. ಆದರೂ ಕರ್ನಾಟಕದಲ್ಲಿ ಯಾವ ಮಗುವನ್ನು ಕೇಳಿದ್ರೂ ಮೊದಲು ಹೇಳೋ ಆಯುಧದ ಕಥೆ ಯಾವುದು? ಚಿತ್ರದುರ್ಗದ ಓಬವ್ವನದು. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುವಾಗ, ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತಳು ಅನ್ನೋ ಕಥೆ. ನಾವೆಲ್ಲ ಇದನ್ನು ಧೈರ್ಯದ ಕಥೆ ಅಂತ ಕೇಳ್ತೀವಿ. ಅದು ನಿಜ. ಆದ್ರೆ ಆ ಕಥೆಯಲ್ಲಿ ತಾಲೀಮೂ ಇದೆ ಅಂತ ನನ್ನ ಲೆಕ್ಕ. ಒನಕೆ ಅಂದ್ರೆ ಆಳೆತ್ತರದ ಗಟ್ಟಿ ಮರ. ಅದನ್ನು ಎತ್ತಿ, ಗುರಿ ತಪ್ಪದೆ ಒರಳಿಗೇ ಬೀಳೋ ಹಾಗೆ ಕುಟ್ಟೋದು ಭತ್ತ ಕುಟ್ಟೋ ಹೆಂಗಸಿನ ದಿನದ ಕೆಲಸ. ಇಬ್ಬರು ಎದುರುಬದುರು ನಿಂತು ಲಯ ತಪ್ಪದೆ ಕುಟ್ಟೋದೂ ಉಂಟು. ವರ್ಷಗಟ್ಟಲೆ ಇದನ್ನೇ ಮಾಡಿದ ತೋಳಿಗೆ ಯಾವ ಉಸ್ತಾದ್ ಬೇಕು? ಗರಡಿಗೆ ಸೇರಿಸದ ಸಮಾಜ ಅವಳಿಗೆ ಗೊತ್ತಿಲ್ಲದೇ ಅಡುಗೆಮನೆ ಪಕ್ಕದಲ್ಲೇ ಒಂದು ಗರಡಿ ಕೊಟ್ಟಿತ್ತು.

ಈಗ ಇವತ್ತಿಗೆ ಬರೋಣ. ಒನಕೆಯ ಕೆಲಸ ಮಿಲ್‌ಗೆ ಹೋಗಿದೆ. ಎಷ್ಟೋ ಊರಲ್ಲಿ ಗರಡಿಗೆ ಹುಡುಗರು ಬರೋದು ಕಮ್ಮಿಯಾಗಿ ಬೀಗ ಬಿದ್ದಿದೆ. ಅದೇ ಗದೆ, ಅದೇ ಕರ್ಲಾಕಟ್ಟೆ ಈಗ ಉಕ್ಕಿನಲ್ಲಿ ತಯಾರಾಗಿ, 'ಸ್ಟೀಲ್ ಮೇಸ್' ಅನ್ನೋ ಹೆಸರಲ್ಲಿ ನಮ್ಮ ಫೋನಿನ ಜಾಹೀರಾತಿಗೇ ವಾಪಸ್ ಬರ್ತಿದೆ. ಕೊಳ್ಳೋದು ತಪ್ಪಲ್ಲ. ಆದ್ರೆ ಪೆಟ್ಟಿಗೆಯಲ್ಲಿ ಬರೋದು ವಸ್ತು ಅಷ್ಟೇ. ಎಷ್ಟು ತೂಕದಿಂದ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು, ಮಣಿಕಟ್ಟು ಎಲ್ಲಿ ಸಡಿಲ ಬಿಡಬೇಕು, ಇದು ಒಬ್ಬ ಉಸ್ತಾದನ ಕಣ್ಣಿಂದ ಒಬ್ಬ ಹುಡುಗನ ಮೈಗೆ ದಾಟಿಕೊಂಡು ಬಂದಿದ್ದು. ಕರ್ಲಾಕಟ್ಟೆಯನ್ನು ಮ್ಯೂಸಿಯಂನಲ್ಲಿ ನೂರು ವರ್ಷ ಇಡಬಹುದು. ಈ ತಿಳಿವಳಿಕೆಯನ್ನು ಹಾಗೆ ಇಡೋಕೆ ಬರೋದಿಲ್ಲ. ಕಲಿಸೋರು ಹೋದ ದಿನ ಅದು ಮತ್ತೆ ಬರೀ ಮರದ ತುಂಡು.

ನಿಮ್ಮ ಊರಲ್ಲಿ ಗರಡಿ ಇನ್ನೂ ನಡೀತಿದ್ರೆ ಒಂದು ಬೆಳಗ್ಗೆ ಹೋಗಿ ಬನ್ನಿ. ಮಟ್ಟಿ ಹದ ಮಾಡೋದು ಹೇಗೆ ಅಂತ ಕೇಳಿ. ಹಾಗೇ ಮನೆಯಲ್ಲಿ ಅಜ್ಜಿ ಇದ್ರೆ, ಒನಕೆ ಹಿಡಿಯೋದು ಹೇಗೆ ಅಂತ ಅವರನ್ನೂ ಕೇಳಿ, ಹಿಡಿದು ತೋರಿಸ್ತಾರೆ.