ಕುಮ್ಮ, ಕಸೂತಿ, ಕೌದಿ: ಒಮಾನಿನ ಮನೆಗಳಲ್ಲಿ ಸೂಜಿಯ ಹೊತ್ತು

ಒಮಾನಿನಲ್ಲಿ ಒಂದು ದಿನ ಕಳೆದವರೂ ಕುಮ್ಮವನ್ನು ಕಂಡಿರುತ್ತಾರೆ. ಅಲ್ಲಿನ ಪುರುಷರು ಧರಿಸುವ, ಮೈತುಂಬ ಕಸೂತಿಯಿರುವ ದುಂಡನೆಯ ಟೋಪಿ ಅದು. ಸರಕಾರಿ ಕಚೇರಿಗೂ ಸಮಾರಂಭಕ್ಕೂ ತಲೆಗೆ ಮುಸ್ಸರ್ ಎಂಬ ರುಮಾಲು ಸುತ್ತುವ ಪದ್ಧತಿಯಿದ್ದರೆ, ಉಳಿದ ಹೊತ್ತಿನಲ್ಲಿ ಅಂಗಡಿ, ಮಸೀದಿ, ಕಡಲತೀರ ಎಲ್ಲೆಡೆ ಕುಮ್ಮದ್ದೇ ರಾಜ್ಯ. ಟೋಪಿಯನ್ನು ಕಂಡವರು ಬಹಳ. ಅದನ್ನು ಹೊಲಿಯುವ ಕೈಗಳನ್ನು ಕಂಡವರು ಕಡಿಮೆ. ಕುಮ್ಮಕ್ಕೆ ಕಾರ್ಖಾನೆಯ ಹಿನ್ನೆಲೆಯಿಲ್ಲ. ಅಡುಗೆ ಮುಗಿದು ಮಕ್ಕಳು ಮಲಗಿದ ಮೇಲೆ, ನೆಂಟರು ಬಂದು ಮಾತಿಗೆ ಕುಳಿತಾಗ, ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುವಾಗ ಮನೆಯ ಹೆಂಗಸರು ಬಿಡಿಬಿಡಿಯಾಗಿ ಹೊಲಿದು ಪೂರೈಸುವ ವಸ್ತು ಅದು. ದಿನನಿತ್ಯದ ಬದುಕಿನಲ್ಲಿ ಕೈಗೆಲಸಕ್ಕೆ ಹೊತ್ತು ಎಲ್ಲಿಂದ ತರುವುದು ಎಂದು ಕೇಳುವ ಕನ್ನಡಿಗರಿಗೆ, ವಿಶೇಷವಾಗಿ ಕೊಲ್ಲಿ ರಾಷ್ಟ್ರಗಳಲ್ಲಿ ಸಂಸಾರ ಹೂಡಿದವರಿಗೆ, ಈ ಟೋಪಿಯ ರಚನೆಯಲ್ಲಿಯೇ ಉತ್ತರದ ಬಹುಭಾಗ ಅಡಗಿದೆ ಎಂಬುದು ಈ ಲೇಖಕಿಯ ಅಭಿಪ್ರಾಯ.

ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕುಮ್ಮಕ್ಕೆ ಎರಡೇ ಭಾಗಗಳು: ನೆತ್ತಿಯ ಮೇಲಿನ ದುಂಡು ಬಿಲ್ಲೆ, ಅದರ ಸುತ್ತ ನಿಲ್ಲುವ ಪಟ್ಟಿ. ಎರಡಕ್ಕೂ ಸಾಮಾನ್ಯವಾಗಿ ಬಿಳಿಯ ಹತ್ತಿಬಟ್ಟೆಯನ್ನು ಪದರವಾಗಿ ಇಟ್ಟು, ಮೇಲೆ ನಮೂನೆಯನ್ನು ಬರೆದುಕೊಳ್ಳುತ್ತಾರೆ. ಬಳಿಕ ಗೆರೆಯ ಗುಂಟ ಸೂಜಿಯಿಂದ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ, ಪ್ರತಿಯೊಂದು ರಂಧ್ರದ ಅಂಚನ್ನೂ ದಾರದಿಂದ ಸುತ್ತಿ ಬಿಗಿಯುತ್ತಾರೆ. ಈ ಕೆಲಸಕ್ಕೆ ತಂಜೀಮ್ ಎಂದು ಹೆಸರು. ನಜ್ಮ್ ಎಂದರೆ ಅರಬಿಯಲ್ಲಿ ನಕ್ಷತ್ರ. ಟೋಪಿಯ ಮೈಯೆಲ್ಲ ನಕ್ಷತ್ರ ತುಂಬಿದರೆ ಪೂರ್ಣ ತಂಜೀಮ್, ನಡುನಡುವೆ ಬಯಲು ಬಿಟ್ಟರೆ ಅರ್ಧ ತಂಜೀಮ್. ರಂಧ್ರಗಳು ಅಲಂಕಾರಕ್ಕಷ್ಟೇ ಅಲ್ಲ, ಬೇಸಿಗೆಯಲ್ಲಿ ತಲೆಗೆ ಗಾಳಿಯಾಡುವುದೂ ಅವುಗಳಿಂದಲೇ. ಬಿಡುವಿನಲ್ಲಿ ಮಾತ್ರ ಹೊಲಿಯುವವರಿಗೆ ಪೂರ್ಣ ತಂಜೀಮಿನ ಒಂದು ಕುಮ್ಮ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ.

ಇಲ್ಲಿ ಗಮನಿಸಬೇಕಾದದ್ದು ತಿಂಗಳುಗಳ ಲೆಕ್ಕವನ್ನಲ್ಲ, ಕೆಲಸದ ಹಂಚಿಕೆಯನ್ನು. ನಮೂನೆ ಬರೆಯುವುದು ತಲೆಯ ಕೆಲಸ. ದುಂಡು ಬಿಲ್ಲೆಯ ಹೂವಿಗೂ ಪಟ್ಟಿಯ ಬಳ್ಳಿಗೂ ಅಳತೆ ಕೂಡಬೇಕು, ಪಟ್ಟಿಯ ತುದಿಗಳು ಸೇರುವಲ್ಲಿ ಹೂವು ಅರ್ಧಕ್ಕೆ ನಿಲ್ಲಬಾರದು. ಇದಕ್ಕೆ ಏಕಾಗ್ರತೆ ಬೇಕು, ಮೇಜು ಬೇಕು, ಯಾರೂ ಕರೆಯದ ಒಂದು ಗಂಟೆ ಬೇಕು. ಎಷ್ಟೋ ಮಂದಿ ಈ ಭಾಗವನ್ನು ಕೈಪಳಗಿದ ಬೇರೆಯವರಿಂದಲೇ ಬರೆಸಿಕೊಳ್ಳುತ್ತಾರೆ. ಗೆರೆ ಬಿದ್ದ ಮೇಲೆ ಉಳಿಯುವುದು ಕೈಯ ಕೆಲಸ: ಒಂದು ರಂಧ್ರ, ಅದರ ಸುತ್ತು, ಮತ್ತೊಂದು ರಂಧ್ರ. ಪ್ರತಿ ನಕ್ಷತ್ರವೂ ತನ್ನಷ್ಟಕ್ಕೆ ಪೂರ್ಣ. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಿಲ್ಲಿಸಿದ್ದರಿಂದ ಏನೂ ಕೆಡುವುದಿಲ್ಲ. ಎರಡು ತುಂಡುಗಳನ್ನು ಜೋಡಿಸುವುದು ಕೊನೆಯಲ್ಲಾದ್ದರಿಂದ ಅಲ್ಲಿಯವರೆಗೆ ಇಡೀ ಕೆಲಸ ಕೈಚೀಲದಲ್ಲಿ ಮಡಚಿಟ್ಟುಕೊಳ್ಳುವಷ್ಟು ಚಪ್ಪಟೆ.

ಕುಮ್ಮ ಒಮಾನಿಗೆ ಬಂದದ್ದು ಪೂರ್ವ ಆಫ್ರಿಕದ ಕರಾವಳಿಯ ಒಡನಾಟದಿಂದ. ಅಲ್ಲಿನ ಸ್ವಾಹಿಲಿ ಜನರ ಕೋಫಿಯಾ ಇದರ ಸೋದರ. ಒಮಾನಿನ ದೊರೆ ಸಯ್ಯಿದ್ ಸಯೀದ್ 19ನೆಯ ಶತಮಾನದ ಮೊದಲರ್ಧದಲ್ಲಿ ತನ್ನ ಆಸ್ಥಾನವನ್ನೇ ಜಂಜಿಬಾರಿಗೆ ಸಾಗಿಸಿದ. 1861ರಲ್ಲಿ ಎರಡೂ ರಾಜ್ಯಗಳು ಬೇರೆಯಾದರೂ ಜನರ ಹೋಗುಬರವು ನಿಲ್ಲಲಿಲ್ಲ. 1964ರ ಜಂಜಿಬಾರ್ ಕ್ರಾಂತಿಯ ಬಳಿಕ, ಅದರಲ್ಲೂ 1970ರ ನಂತರ, ಅಲ್ಲಿಂದ ಮರಳಿದ ಒಮಾನಿ ಕುಟುಂಬಗಳು ಸ್ವಾಹಿಲಿ ಮಾತಿನೊಡನೆ ಕೈಗೆಲಸವನ್ನೂ ತಂದವು.

ಈ ಸಮುದ್ರದ ಆಚೆ ದಡದಲ್ಲಿ ನಮ್ಮ ಉತ್ತರ ಕನ್ನಡವೂ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನರ ಪೂರ್ವಜರು ಆಫ್ರಿಕದಿಂದ, ಬಹುಮಟ್ಟಿಗೆ ಗುಲಾಮರಾಗಿ, ಪೋರ್ಚುಗೀಸರ ಹಾಗೂ ಅರಬರ ಹಡಗುಗಳಲ್ಲಿ ಬಂದವರು. ಅವರ ಹೆಂಗಸರು ಹೊಲಿಯುವ ಕವಂದಿ ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳವರೆಗೂ ಹೋಗಿದೆ. ಕುಮ್ಮಕ್ಕೂ ಕವಂದಿಗೂ ನೇರ ನಂಟು ಕಲ್ಪಿಸುವುದು ಅತಿಶಯವಾದೀತು. ಒಂದು ಟೋಪಿ, ಒಂದು ಹೊದಿಕೆ. ಆದರೆ ಮಸ್ಕತ್ತಿನ ಕನ್ನಡಿಗರು ದಿನವೂ ನೋಡುವ ಸಮುದ್ರ ಎರಡು ಬಗೆಯ ಸೂಜಿಗೆಲಸವನ್ನು ಎರಡು ಬಗೆಯ ವಿಧಿಯೊಡನೆ ದಾಟಿಸಿತೆಂಬುದನ್ನು ಮರೆಯುವಂತಿಲ್ಲ.

ಇನ್ನು ಆ ಕನ್ನಡಿಗರ ಮನೆಗೆ ಬರೋಣ. ಪತಿಯ ಉದ್ಯೋಗವನ್ನು ಅವಲಂಬಿಸಿ ಕುಟುಂಬ ವೀಸಾದಲ್ಲಿ ಬಂದ ಗೃಹಿಣಿಯರು ಪ್ರತ್ಯೇಕ ಉದ್ಯೋಗ ಪರವಾನಗಿಯಿಲ್ಲದೆ ದುಡಿಯುವಂತಿಲ್ಲ. ಊರಿನಲ್ಲಿ ಶಿಕ್ಷಕಿಯೋ ಬ್ಯಾಂಕ್ ನೌಕರಳೋ ಆಗಿದ್ದವಳು ಇಲ್ಲಿ ಫ್ಲಾಟಿನ ನಾಲ್ಕು ಗೋಡೆಗಳ ನಡುವೆ ಉಳಿದಾಗ, "ನಿನಗೇನು, ಬೇಕಾದಷ್ಟು ಹೊತ್ತಿದೆ" ಎಂಬ ಮಾತು ಕೇಳಬೇಕಾಗುತ್ತದೆ. ಇದು ತಪ್ಪು ಲೆಕ್ಕ. ಹೊತ್ತು ಇರುವುದು ನಿಜ, ಆದರೆ ಅದು ಚೂರುಚೂರಾಗಿದೆ. ಬೆಳಗಿನ ಶಾಲೆಯ ಬಸ್ಸು, ಮಧ್ಯಾಹ್ನ ಮರಳುವ ಮಕ್ಕಳು, ಸಂಜೆಯ ಪಾಠ, ಊರಿನ ಗಂಟೆಗೆ ಹೊಂದಿಸಿ ತಂದೆತಾಯಿಗೆ ಮಾಡುವ ಕರೆ. ಒಮಾನಿಗಿಂತ ಭಾರತದ ಗಡಿಯಾರ ಒಂದೂವರೆ ಗಂಟೆ ಮುಂದಿರುವುದರಿಂದ ಆ ಕರೆಯೂ ನಮ್ಮ ಅನುಕೂಲಕ್ಕೆ ಬರುವುದಿಲ್ಲ. ಉದ್ಯೋಗದಲ್ಲಿರುವವರ ಕಷ್ಟ ಬೇರೆ ಬಗೆಯದು. 2023ರ ಕಾರ್ಮಿಕ ಕಾನೂನು ವಾರಕ್ಕೆ 40 ಗಂಟೆಗಳ ಮಿತಿ ಹಾಕಿದೆ. ಮನೆಗೆಲಸಕ್ಕೆ ಅಂಥ ಮಿತಿ ಹಾಕಿದ ಕಾನೂನು ಎಲ್ಲಿಯೂ ಇಲ್ಲ. 2013ರ ಮೇ ತಿಂಗಳಿಂದ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಸರಿಯಿತು, ಅಷ್ಟೇ.

ಹೀಗಿರುವಾಗ ಕೈಗೆಲಸಕ್ಕೆಂದು ದಿನಕ್ಕೆ ಒಂದು ಗಂಟೆ ಮೀಸಲಿಡಿ ಎಂಬ ಉಪದೇಶ ಒಂದು ವಾರವೂ ಬಾಳುವುದಿಲ್ಲ. ಕುಮ್ಮ ಹೊಲಿಯುವವರು ಮಾಡಿದಂತೆ ಕೆಲಸವನ್ನೇ ಎರಡಾಗಿ ಸೀಳಬೇಕು: ಎಣಿಸುವ, ಯೋಚಿಸುವ ಭಾಗ ಒಂದು, ಕೈ ತಾನಾಗಿ ನಡೆಯುವ ಭಾಗ ಇನ್ನೊಂದು. ಮೊದಲನೆಯದಕ್ಕೆ ಶುಕ್ರವಾರದ ನಿಶ್ಶಬ್ದ ಬೆಳಗು, ಎರಡನೆಯದಕ್ಕೆ ಉಳಿದ ವಾರದ ಚೂರುಗಳು. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹೂಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು ಎಂದೂ ಪ್ರತ್ಯೇಕ ಕೆಲಸವಾಗಿರಲಿಲ್ಲ. ಜಗಲಿಯ ಮಾತಿನ ಜೊತೆಗೆ ಅವು ತಾವಾಗಿ ಆಗುತ್ತಿದ್ದವು, ಶ್ರಾವಣ ಬರುವ ಹೊತ್ತಿಗೆ ಡಬ್ಬಿ ತುಂಬಿರುತ್ತಿತ್ತು.

ಧಾರವಾಡದ ಕಸೂತಿಗೆ ಈ ವಿಭಜನೆ ಹೇಗೆ ಒಗ್ಗುತ್ತದೆಂಬುದನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಕಸೂತಿ ಹಿಡಿದು ಬಿಟ್ಟವರು ಬಿಟ್ಟದ್ದು ಬಹುತೇಕ ಇದೇ ಕಾರಣಕ್ಕೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಮೂನೆ ಬರೆಯುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಗವಂತಿ ನೇರ ಗೆರೆಗಳದ್ದು, ಮುರ್ಗಿ ಮೆಟ್ಟಿಲಿನಂತೆ ಏರಿಳಿಯುವುದು. ನೇಗಿ ನೇಯ್ಗೆಯ ಭ್ರಮೆ ಹುಟ್ಟಿಸುವ ಉದ್ದಗಿಡ್ಡ ಎಳೆಗಳದ್ದು, ಮೆಂತಿ ಮೆಂತ್ಯದ ಕಾಳಿನಂತೆ ಒತ್ತಾಗಿ ತುಂಬುವ ಅಡ್ಡಹೊಲಿಗೆ. ಗವಂತಿ ಎಂಬ ಹೆಸರು ಗಂಟಿನಿಂದ ಬಂತೆನ್ನುತ್ತಾರೆ, ಆದರೆ ಕಸೂತಿಯಲ್ಲಿ ಗಂಟು ಹಾಕುವುದೇ ನಿಷಿದ್ಧ! ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೊರಟು, ಗೋಪುರವನ್ನೋ ತುಳಸಿಕಟ್ಟೆಯನ್ನೋ ಸುತ್ತಿ, ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ತೆರಪುಗಳನ್ನು ತುಂಬುತ್ತದೆ. ಆದ್ದರಿಂದಲೇ ಬಟ್ಟೆಯ ಒಳಮೈ ಹೊರಮೈ ಒಂದೇ ಆಗಿ ಕಾಣುವುದು.

ಹೋಗುವಾಗ ಎಣಿಸಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ಓರೆಯಾಗುತ್ತದೆ, ತಪ್ಪು ತಿಳಿಯುವುದೂ ಬಹಳ ಮುಂದೆ ಹೋದ ಮೇಲೆ. ಹಾಲು ಉಕ್ಕಿತೆಂದು ಎದ್ದು ಹೋಗಿ ಬಂದವರು ಎಣಿಕೆ ಮರೆತು ಬಿಚ್ಚಲು ಕೂರುವುದು ಇಲ್ಲಿಯೇ. ಬರುವಾಗ ಎಣಿಸಬೇಕಾಗಿಲ್ಲ; ದಾರಿ ಮೊದಲೇ ಬಿದ್ದಿದೆ, ತೆರಪು ಕಣ್ಣೆದುರಿಗೇ ಇದೆ. ಹೋಗುವ ಪಯಣವನ್ನು ಶುಕ್ರವಾರದ ಬೆಳಗಿಗೆ ಇಟ್ಟುಕೊಂಡು ಬರುವ ಪಯಣವನ್ನು ಬಸ್ಸು ಕಾಯುವ ಹೊತ್ತಿಗೆ ಇಟ್ಟುಕೊಂಡರೆ ಕಸೂತಿಯೂ ಕುಮ್ಮದಂತೆ ಚೀಲಕ್ಕೆ ಇಳಿಯುತ್ತದೆ. ದಾರ ತುಸು ಉದ್ದವಿರಲಿ, ಒಂದು ಸುತ್ತಿಗೆ ಹೋಗಿ ಬರುವಷ್ಟು. ಆರಂಭಕ್ಕೆ ಇಳಕಲ್ ಸೀರೆಯ ಸೆರಗನ್ನು ಮುಟ್ಟದಿರುವುದು ಕ್ಷೇಮ. ಎಳೆಗಳು ಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯ ಒಂದು ಗೇಣು ಸಾಕು. ಒಂದು ತುಂಡಿಗೆ ಒಂದೇ ಚಿತ್ರ, ಒಂದೇ ಸುತ್ತು.

ಸೀರೆಗೆ ಕುಚ್ಚು ಕಟ್ಟುವುದು ಇದಕ್ಕಿಂತ ಸುಲಭವಾಗಿ ಒಗ್ಗುವ ಕೆಲಸ, ಕನ್ನಡದ ಮನೆಗಳಲ್ಲಿ ಬಹಳ ಕೈಗಳಿಗೆ ಬರುವಂಥದು. ಸೆರಗಿನ ಎಳೆಗಳನ್ನು ಸಮನಾಗಿ ಪಾಲು ಮಾಡುವುದು ಶುಕ್ರವಾರದ್ದು. ಒಂದೊಂದೇ ಕುಚ್ಚು ಕಟ್ಟುವುದು, ಮಣಿ ಪೋಣಿಸುವುದು ಉಳಿದ ದಿನಗಳದ್ದು. ಒಮಾನಿಗಳ ಉಡುಪಿನಲ್ಲಿಯೂ ಕುಚ್ಚಿದೆ ಎಂಬುದು ನಮ್ಮವರಿಗೆ ಸಂತೋಷದ ವಿಷಯ. ದಿಶ್ದಾಶದ ಕೊರಳಿನಿಂದ ಇಳಿಬೀಳುವ ಆ ದಾರದ ಗೊಂಚಲಿಗೆ ಫುರಾಖಾ ಎನ್ನುತ್ತಾರೆ, ಅದಕ್ಕೆ ಅತ್ತರು ಸೋಕಿಸುತ್ತಾರೆ.

ಕೌದಿಯ ವಿಷಯ ಬೇರೆ. ಹಳೆಯ ಸೀರೆಗಳನ್ನು ಹರಡಿ, ತುಂಡುಗಳನ್ನು ಹೊಂದಿಸಿ, ಓಡುಹೊಲಿಗೆ ಹಾಕಲು ನೆಲ ಬೇಕು, ಜೊತೆಗೆ ಕೂರುವ ನಾಲ್ವರು ಬೇಕು. ರೂವಿಯ ಎರಡು ಕೋಣೆಯ ಫ್ಲಾಟಿನಲ್ಲಿ ಸೋಫಾ ಸರಿಸದೆ ಕೌದಿ ಹರಡಲಾಗದು, ಹರಡಿದರೆ ಊಟಕ್ಕೆ ಮುಂಚೆ ಮಡಚಬೇಕು. ಸಿದ್ದಿ ಹೆಂಗಸರ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಅವರು ಪೂರ್ತಿ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಯ ಬಟ್ಟೆಯ ಅಂಚಿನಿಂದ ಆರಂಭಿಸಿ, ಒಂದೊಂದೇ ತುಂಡನ್ನು ಮಡಚಿ ಸೇರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಯೋಜನೆಯೂ ಹೊಲಿಗೆಯೂ ಒಟ್ಟಿಗೇ ಸಾಗುವುದರಿಂದ ಒಬ್ಬಳೇ ಮಡಿಲಲ್ಲಿಟ್ಟುಕೊಂಡೂ ಮುಂದುವರಿಸಬಹುದು. ಕೊನೆಗೆ ನಾಲ್ಕು ಮೂಲೆಗೂ ಫೂಲ ಎಂಬ ಮಡಚಿದ ತುಂಡುಗಳನ್ನು ಹಚ್ಚುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತೆಂದು, ಅವರೊಡನೆ ಕೆಲಸ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ದಾಖಲಿಸಿದ್ದಾರೆ. ಹಳೆಯ ಬಟ್ಟೆಯನ್ನು ಊರಿಗೂ ಒಯ್ಯಲಾರದೆ ಎಸೆಯಲೂ ಆರದೆ ಕಪಾಟಿನಲ್ಲಿ ತುಂಬಿಟ್ಟುಕೊಂಡ ಪರದೇಶದ ಸಂಸಾರಕ್ಕೆ ಇದಕ್ಕಿಂತ ತಕ್ಕ ಕೆಲಸ ಕಾಣೆ. ಮಕ್ಕಳು ಬೆಳೆದು ಸಣ್ಣದಾದ ಅಂಗಿಗಳು, ಸೀರೆಯ ಹರಿದ ಫಾಲು, ಶಾಲೆಯ ಸಮವಸ್ತ್ರ ಎಲ್ಲವೂ ಅದರಲ್ಲಿ ಸೇರುತ್ತವೆ.

ಋತುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನ ಕೆಲಸವನ್ನೇ ಒಮಾನ್ ಸರಕಾರ ನಿಷೇಧಿಸಿದೆ. ಮನೆಯೊಳಗಿನವರೂ ಆಗ ಹೊರಗೆ ಕಾಲಿಡುವುದಿಲ್ಲ. ಕೌದಿಗೆ ಅದೇ ಕಾಲ. ನವೆಂಬರ್ ಬಂದ ಮೇಲೆ ಉದ್ಯಾನಕ್ಕೂ ಕಡಲತೀರಕ್ಕೂ ಹೋಗುವ ದಿನಗಳು. ಆಗ ಚೀಲದ ಕೆಲಸವೇ ಸರಿ. ಸಂಜೆ ದೀಪದಲ್ಲಿ ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವ ಸಾಹಸ ನಲವತ್ತು ದಾಟಿದವರಿಗೆ ಬೇಡ.

ಹಣದ ಮಾತನ್ನು ಬಿಡುವಂತಿಲ್ಲ. ಮಸ್ಕತ್ತಿನ ಸುಲ್ತಾನ್ ಕಾಬೂಸ್ ಮಹಾಮಸೀದಿಯ ಪ್ರಾರ್ಥನಾಂಗಣದ ರತ್ನಗಂಬಳಿಯನ್ನು ಇರಾನಿನ 600 ಮಂದಿ ನೇಕಾರ್ತಿಯರು ನೇಯ್ದರು. ನಾಲ್ಕು ವರ್ಷದ ಆ ಕೆಲಸದಲ್ಲಿ 170 ಕೋಟಿ ಗಂಟುಗಳಿವೆ. ಒಬ್ಬೊಬ್ಬರ ಪಾಲಿಗೆ 28 ಲಕ್ಷಕ್ಕೂ ಮೇಲೆ. ಅದು ಕೂಲಿಯ ಕೆಲಸ, ದಿನದ ಪೂರ್ತಿ ಕೆಲಸ. ಬಿಡುವಿನ ಕೆಲಸಕ್ಕೆ ಆ ಲೆಕ್ಕ ಹಾಕಹೊರಟರೆ ನಿರಾಶೆಯೇ. ಕೈಹೊಲಿಗೆಯ ಕುಮ್ಮ ಹತ್ತಾರು ರಿಯಾಲಿಗೆ ಹೋಗುತ್ತದೆ, ನಿಜ. ತಿಂಗಳುಗಳಿಂದ ಭಾಗಿಸಿ ನೋಡಿದರೆ ಅದು ಕೂಲಿಯೇ ಅಲ್ಲ. ಯಂತ್ರದ ಕುಮ್ಮ ಅದರ ಒಂದು ಅಂಶದ ಬೆಲೆಗೆ ಸಿಗುತ್ತದೆ. ನಮ್ಮಲ್ಲಿಯೂ ಕುಚ್ಚು ಕಟ್ಟಿಸಿಕೊಂಡ ಗೆಳತಿಯರು "ಇಷ್ಟಕ್ಕೆ ಇಷ್ಟೊಂದೇ?" ಎನ್ನುವುದುಂಟು. ಕೇಳಿಸಿಕೊಂಡವಳು ಮುಂದಿನ ಸಲ ಹೊತ್ತಿಲ್ಲವೆನ್ನುತ್ತಾಳೆ. ಹೊತ್ತು ಇಲ್ಲದಾಗುವುದಕ್ಕೆ ಇದೂ ಒಂದು ಕಾರಣ, ಗಡಿಯಾರಕ್ಕೆ ಸಂಬಂಧವೇ ಇಲ್ಲದ್ದು.

ಮತ್ರಾದ ಸೂಕಿನಲ್ಲಿ ಕುಮ್ಮ ಕೊಳ್ಳುವವರು ಅದನ್ನು ಮಗುಚಿ ಒಳಗಡೆ ನೋಡಬೇಕು. ಯಂತ್ರದ ಕೆಲಸದಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದಾರ ಒಂದೇ ಸಮನೆ ಹಾಯ್ದಿರುತ್ತದೆ, ರಂಧ್ರಗಳೆಲ್ಲ ಒಂದೇ ಗಾತ್ರ. ಕೈಯ ಕೆಲಸದಲ್ಲಿ ಒಂದು ಸಾಲು ಬಿಗಿ, ಅದರ ಪಕ್ಕದ್ದು ತುಸು ಸಡಿಲ. ಎಲ್ಲಿ ಯಾರೋ ಕರೆದರೆಂದು ಎದ್ದು ಹೋಗಿ ಮತ್ತೆ ಬಂದು ಕುಳಿತಳೋ ಅದು ಅಲ್ಲಿ ಕಾಣುತ್ತದೆ.