ಅಮಾನತಿನಲ್ಲಿರುವ ಚಾಲನಾ ಅನುಜ್ಞಾಪತ್ರ: ಮೊಕದ್ದಮೆಗೆ ಪರ್ಯಾಯವಾಗಿ ಲಭ್ಯವಿರುವ ಮಾರ್ಗಗಳು

ಚಾಲನಾ ಅನುಜ್ಞಾಪತ್ರವು ಅಮಾನತಿನಲ್ಲಿರುವ ಅವಧಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಅಡಿಯಲ್ಲಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಆದರೆ ಇಂತಹ ಪ್ರತಿಯೊಂದು ಸಂದರ್ಭವೂ ಮೊಕದ್ದಮೆಯಲ್ಲಿಯೇ ಕೊನೆಗೊಳ್ಳಬೇಕೆಂದಿಲ್ಲ. ಅಪರಾಧ ಘಟಿಸುವ ಮುನ್ನ ಅನುಸರಿಸಬಹುದಾದ ಪರಿಹಾರಗಳನ್ನೂ, ಘಟಿಸಿದ ನಂತರ ಮೊಕದ್ದಮೆಯಿಲ್ಲದೆ ಇತ್ಯರ್ಥಪಡಿಸಿಕೊಳ್ಳುವ ಅವಕಾಶವನ್ನೂ ಅಧಿನಿಯಮವೇ ಕಲ್ಪಿಸಿದೆ. ಅನುಜ್ಞಾಪತ್ರವನ್ನೇ ಜೀವನೋಪಾಯಕ್ಕೆ ಅವಲಂಬಿಸಿರುವ ಚಾಲಕರ ಮಾಹಿತಿಗಾಗಿ ಅವುಗಳನ್ನು ಇಲ್ಲಿ ವಿವರಿಸಲಾಗಿದೆ.

1. ಅಮಾನತು ಮತ್ತು ಅನರ್ಹತೆ

ಸಾಮಾನ್ಯ ಬಳಕೆಯಲ್ಲಿ ಅಮಾನತು ಎಂದು ಕರೆಯಲಾಗುವ ಕ್ರಮವು ಅಧಿನಿಯಮದಲ್ಲಿ ಬಹುತೇಕ ಅನರ್ಹತೆಯ ಆದೇಶದ ರೂಪದಲ್ಲಿರುತ್ತದೆ. ಕಲಂ 19ರ ಅಡಿಯಲ್ಲಿ ಅನುಜ್ಞಾ ಪ್ರಾಧಿಕಾರವೂ, ಕಲಂ 20ರ ಅಡಿಯಲ್ಲಿ ನ್ಯಾಯಾಲಯವೂ ಇಂತಹ ಆದೇಶ ಹೊರಡಿಸಬಹುದು. ಕಲಂ 23ರ ಪ್ರಕಾರ, ಆದೇಶದಲ್ಲಿ ನಮೂದಿಸಿದ ಅವಧಿಗೆ ಮತ್ತು ವ್ಯಾಪ್ತಿಗೆ ಅನುಜ್ಞಾಪತ್ರವು ಜಾರಿಯಲ್ಲಿರುವುದಿಲ್ಲ.

ಅತಿವೇಗ, ಅಪಾಯಕಾರಿ ಚಾಲನೆ, ಮದ್ಯಪಾನ ಮಾಡಿ ಚಾಲನೆ, ಶಿರಸ್ತ್ರಾಣವಿಲ್ಲದೆ ಸವಾರಿ, ತುರ್ತು ವಾಹನಗಳಿಗೆ ದಾರಿ ಬಿಡದಿರುವುದು ಮುಂತಾದ ಉಲ್ಲಂಘನೆಗಳಲ್ಲಿ ಕಲಂ 206(4)ರಂತೆ ಅನುಜ್ಞಾಪತ್ರವನ್ನು ವಶಪಡಿಸಿಕೊಂಡು ಅನುಜ್ಞಾ ಪ್ರಾಧಿಕಾರಕ್ಕೆ ಕಳುಹಿಸಲಾಗುತ್ತದೆ. 2019ರ ತಿದ್ದುಪಡಿಯನ್ವಯ, ಹೀಗೆ ಬಂದ ಪ್ರಕರಣಗಳಲ್ಲಿ ಮೊದಲ ಅಪರಾಧಕ್ಕೆ 3 ತಿಂಗಳ ಅನರ್ಹತೆಯನ್ನೂ, ಎರಡನೆಯ ಅಥವಾ ನಂತರದ ಅಪರಾಧಕ್ಕೆ ಅನುಜ್ಞಾಪತ್ರದ ರದ್ದತಿಯನ್ನೂ ಆದೇಶಿಸಬಹುದಾಗಿದೆ.

ಅವಧಿ ಮುಗಿದು ನವೀಕರಣವಾಗದ ಅನುಜ್ಞಾಪತ್ರವು ಅಮಾನತಾದ ಅನುಜ್ಞಾಪತ್ರವಲ್ಲ. ಅಂತಹವರು ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

2. ಅಮಾನತಿನ ಅವಧಿಯಲ್ಲಿ ಚಾಲನೆ ಮಾಡಿದಲ್ಲಿ

ಕಲಂ 182(1)ರ ಪ್ರಕಾರ 3 ತಿಂಗಳವರೆಗಿನ ಕಾರಾವಾಸ ಅಥವಾ 10,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. 2019ರ ತಿದ್ದುಪಡಿಗೆ ಮುನ್ನ ದಂಡದ ಮಿತಿ 500 ರೂ. ಆಗಿತ್ತು. ಅನರ್ಹತೆಯ ಅವಧಿಯಲ್ಲಿ ಹೊಸ ಅನುಜ್ಞಾಪತ್ರಕ್ಕೆ ಅರ್ಜಿ ಸಲ್ಲಿಸುವುದೂ ಇದೇ ಕಲಮಿನಡಿ ಅಪರಾಧವಾಗಿದ್ದು, ಹಾಗೆ ಪಡೆದ ಅನುಜ್ಞಾಪತ್ರವು ಅಸಿಂಧುವಾಗಿರುತ್ತದೆ. ಜಾರಿಯಲ್ಲಿರುವ ಅನುಜ್ಞಾಪತ್ರವಿಲ್ಲದೆ ಚಲಾಯಿಸಲಾದ ವಾಹನವನ್ನು ಕಲಂ 207ರಡಿ ತಡೆಹಿಡಿಯಬಹುದು.

3. ಆದೇಶಕ್ಕೆ ಮುನ್ನ ಹಾಗೂ ಆದೇಶದ ನಂತರ

ಅ) ಅಹವಾಲು: ಕಲಂ 19ರಡಿ ಆದೇಶ ಮಾಡುವ ಮುನ್ನ ಅನುಜ್ಞಾಪತ್ರ ಹೊಂದಿರುವವರಿಗೆ ಅಹವಾಲು ಹೇಳಿಕೊಳ್ಳುವ ಅವಕಾಶ ನೀಡತಕ್ಕದ್ದು. ನೋಟಿಸನ್ನು ಸ್ವೀಕರಿಸಿದವರು ನಿಗದಿತ ದಿನದಂದು ತಪ್ಪದೆ ಹಾಜರಾಗುವುದು ಸೂಕ್ತ. ವಿವರಣೆ ತೃಪ್ತಿಕರವಾಗಿದ್ದಲ್ಲಿ ಅನುಜ್ಞಾಪತ್ರವನ್ನು ಹಿಂದಿರುಗಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಕಲಂ 19(1)ರ ಅಡಿಯಲ್ಲಿ ಎಲ್ಲ ವರ್ಗದ ವಾಹನಗಳಿಗೆ ಬದಲಾಗಿ ಕೆಲವು ವರ್ಗಗಳಿಗೆ ಮಾತ್ರ ಅನರ್ಹತೆಯನ್ನು ಸೀಮಿತಗೊಳಿಸುವುದಕ್ಕೂ ಅವಕಾಶವಿದೆ.

ಆ) ಮೇಲ್ಮನವಿ: ಅನುಜ್ಞಾ ಪ್ರಾಧಿಕಾರದ ಆದೇಶವನ್ನು ಸ್ವೀಕರಿಸಿದ 30 ದಿನಗಳೊಳಗೆ ನಿಗದಿತ ಪ್ರಾಧಿಕಾರಕ್ಕೆ ಕಲಂ 19(3)ರಡಿ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಾಹನ ಚಲಾಯಿಸಲು ಅನುಮತಿ ದೊರೆತಂತಾಗುವುದಿಲ್ಲ. ನ್ಯಾಯಾಲಯವು ಕಲಂ 20ರಡಿ ಹೊರಡಿಸಿದ ಆದೇಶವು, ಮೇಲ್ಮನವಿ ನ್ಯಾಯಾಲಯ ತಡೆ ನೀಡದ ಹೊರತು ಜಾರಿಯಲ್ಲಿಯೇ ಇರುತ್ತದೆ.

ಇ) ಅನರ್ಹತೆಯ ತೆರವು: ಆದೇಶದ ದಿನಾಂಕದಿಂದ 6 ತಿಂಗಳು ಕಳೆದ ನಂತರ, ಅನರ್ಹತೆಯನ್ನು ತೆರವುಗೊಳಿಸುವಂತೆ ಕೋರಿ ಆದೇಶ ನೀಡಿದ ಪ್ರಾಧಿಕಾರಕ್ಕೆ ಅಥವಾ ನ್ಯಾಯಾಲಯಕ್ಕೆ ಕಲಂ 23(3)ರಡಿ ಅರ್ಜಿ ಸಲ್ಲಿಸಬಹುದು. ಆದೇಶವನ್ನು ರದ್ದುಪಡಿಸುವ ಅಥವಾ ಮಾರ್ಪಡಿಸುವ ಅವಕಾಶವಿದೆ. ಒಮ್ಮೆ ಅರ್ಜಿ ಸಲ್ಲಿಸಿದ ಮೇಲೆ ಮತ್ತೆ 3 ತಿಂಗಳು ಕಳೆಯುವವರೆಗೆ ಎರಡನೆಯ ಅರ್ಜಿಯನ್ನು ಸ್ವೀಕರಿಸಲಾಗುವುದಿಲ್ಲ. ದೀರ್ಘಾವಧಿಯ ಅನರ್ಹತೆಯಲ್ಲಿರುವವರಿಗೆ ಈ ಕಲಂ ಉಪಯುಕ್ತವಾಗಿದೆ. 3 ತಿಂಗಳ ಅಮಾನತಿಗೆ ಒಳಗಾದವರಿಗೆ ಇದರಿಂದ ಪ್ರಯೋಜನವಿಲ್ಲ. ಅಂತಹವರು 30 ದಿನಗಳ ಮೇಲ್ಮನವಿ ಅವಧಿಯನ್ನೇ ಬಳಸಿಕೊಳ್ಳಬೇಕು.

4. ಪುನಶ್ಚೇತನ ತರಬೇತಿ

ಅಮಾನತಿನ ಅವಧಿ ಮುಗಿದಾಕ್ಷಣ ಅನುಜ್ಞಾಪತ್ರವು ತಾನಾಗಿ ಕೈಸೇರುತ್ತದೆ ಎಂಬ ಭಾವನೆ ಸರಿಯಲ್ಲ. 2019ರಲ್ಲಿ ಸೇರಿಸಲಾದ ಕಲಂ 19(2ಎ) ಪ್ರಕಾರ, ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದಲ್ಲಿ ಮಾತ್ರ ಅದನ್ನು ಹಿಂದಿರುಗಿಸಲಾಗುತ್ತದೆ. ತರಬೇತಿಯನ್ನು ಕಲಂ 12ರಡಿ ಪರವಾನಗಿ ಪಡೆದ ಚಾಲನಾ ಶಾಲೆಯಲ್ಲಿ ಅಥವಾ ಕೇಂದ್ರ ಸರ್ಕಾರವು ಅಧಿಸೂಚಿಸಿದ ಸಂಸ್ಥೆಯಲ್ಲಿ ಪಡೆಯತಕ್ಕದ್ದು.

ಉದಾಹರಣೆಗೆ, ಬಾಡಿಗೆ ಕಾರಿನ ಚಾಲಕರೊಬ್ಬರಿಗೆ 3 ತಿಂಗಳ ಅಮಾನತಾಗಿದೆ ಎಂದಿಟ್ಟುಕೊಳ್ಳೋಣ. ಅವರು ಅವಧಿ ಮುಗಿದ ಬಳಿಕ ತರಬೇತಿಗೆ ಸೇರಿದಲ್ಲಿ, ಅದು ಮುಗಿಯುವವರೆಗೂ ದುಡಿಮೆಯಿಲ್ಲದೆ ಇರಬೇಕಾಗುತ್ತದೆ. ಆದ್ದರಿಂದ ಅಮಾನತಿನ ಆರಂಭದಲ್ಲಿಯೇ ತರಬೇತಿಯ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

5. ಅಪರಾಧದ ರಾಜಿ

ಅಮಾನತಿನ ಅವಧಿಯಲ್ಲಿ ಚಾಲನೆ ಮಾಡಿ ಸಿಕ್ಕಿಬಿದ್ದವರ ಮಟ್ಟಿಗೆ ಮೊಕದ್ದಮೆಗೆ ಮುಖ್ಯ ಪರ್ಯಾಯವೆಂದರೆ ಕಲಂ 200. ಕಲಂ 182ರ ಅಪರಾಧವೂ ಇದರ ವ್ಯಾಪ್ತಿಗೆ ಒಳಪಟ್ಟಿದೆ. ಮೊಕದ್ದಮೆ ಹೂಡುವ ಮುನ್ನವಾಗಲಿ ನಂತರವಾಗಲಿ, ರಾಜ್ಯ ಸರ್ಕಾರವು ರಾಜ್ಯಪತ್ರದಲ್ಲಿ ಅಧಿಸೂಚಿಸಿದ ಅಧಿಕಾರಿಯು ಅಧಿಸೂಚಿತ ಮೊತ್ತವನ್ನು ಪಡೆದು ಅಪರಾಧವನ್ನು ರಾಜಿ ಮಾಡಬಹುದು. ಮೊತ್ತದ ಜೊತೆಗೆ ವೇತನರಹಿತ ಸಮುದಾಯ ಸೇವೆಯನ್ನು ಸಲ್ಲಿಸುವಂತೆ ಸೂಚಿಸಲು 2019ರ ತಿದ್ದುಪಡಿಯು ರಾಜ್ಯ ಸರ್ಕಾರಕ್ಕೆ ಅಧಿಕಾರ ನೀಡಿದೆ. ರಾಜಿಯಾದ ಅಪರಾಧದ ಬಗ್ಗೆ ಮುಂದಿನ ನಡವಳಿಗಳು ಇರುವುದಿಲ್ಲ. ಬಂಧನದಲ್ಲಿರುವವರನ್ನು ಬಿಡುಗಡೆ ಮಾಡಲಾಗುತ್ತದೆ.

ರಾಜಿಯ ಬಗ್ಗೆ ಈ ಅಂಶಗಳನ್ನು ತಿಳಿದಿರತಕ್ಕದ್ದು:

• ರಾಜಿ ಮಾಡುವುದು ಅಧಿಕಾರಿಯ ವಿವೇಚನೆಗೆ ಒಳಪಟ್ಟಿದೆ. ಅದನ್ನು ಹಕ್ಕೆಂದು ಕೇಳಲಾಗದು.
• ರಾಜಿ ಮೊತ್ತವನ್ನು ಪಾವತಿಸಿದ್ದರಿಂದ ಅಮಾನತು ತೆರವಾಗುವುದಿಲ್ಲ. ಮರುದಿನ ವಾಹನ ಚಲಾಯಿಸಿದರೆ ಅದು ಹೊಸ ಅಪರಾಧವಾಗುತ್ತದೆ.
• ರಾಜಿಯಾದ ಅಪರಾಧವನ್ನು ಮುಂದೆ ಅದೇ ಅಪರಾಧ ಪುನರಾವರ್ತನೆಯಾದಲ್ಲಿ ಹಿಂದಿನ ಅಪರಾಧವೆಂದೇ ಪರಿಗಣಿಸಲಾಗುತ್ತದೆ.
• ಪುನಶ್ಚೇತನ ತರಬೇತಿ ಹಾಗೂ ವಿಧಿಸಿದ್ದಲ್ಲಿ ಸಮುದಾಯ ಸೇವೆ ಇವುಗಳಿಂದ ವಿನಾಯಿತಿ ದೊರೆಯುವುದಿಲ್ಲ.
• ಅಪಘಾತದಲ್ಲಿ ಸಾವು ಅಥವಾ ಗಾಯ ಸಂಭವಿಸಿದ್ದಲ್ಲಿ, ಭಾರತೀಯ ನ್ಯಾಯ ಸಂಹಿತೆಯಡಿ ದಾಖಲಾಗುವ ಪ್ರಕರಣಕ್ಕೆ ಕಲಂ 200 ಅನ್ವಯಿಸುವುದಿಲ್ಲ.

6. ಪ್ರಕರಣವು ನ್ಯಾಯಾಲಯ ತಲುಪಿದ್ದಲ್ಲಿ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಡಿ ಲೋಕ ಅದಾಲತ್‌ಗಳು ರಾಜಿಯಾಗಬಲ್ಲ ಅಪರಾಧಗಳನ್ನು ಇತ್ಯರ್ಥಪಡಿಸಬಹುದು. ಅಲ್ಲಿನ ಐತೀರ್ಪು ಅಂತಿಮವಾಗಿದ್ದು, ಅದರ ವಿರುದ್ಧ ಮೇಲ್ಮನವಿ ಇರುವುದಿಲ್ಲ.

ತಪ್ಪಿತಸ್ಥರೆಂದು ತೀರ್ಮಾನವಾದ ಮೇಲೂ, ಹಿಂದೆ ಶಿಕ್ಷೆಗೆ ಒಳಗಾಗಿರದವರನ್ನು ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, 1958ರ ಕಲಂ 3ರಡಿ ಎಚ್ಚರಿಕೆ ನೀಡಿ ಅಥವಾ ಕಲಂ 4ರಡಿ ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುಗಡೆ ಮಾಡುವಂತೆ ನ್ಯಾಯಾಲಯವನ್ನು ಕೋರಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

7. ವಾಹನ ಮಾಲೀಕರ ಗಮನಕ್ಕೆ

ಜಾರಿಯಲ್ಲಿರುವ ಅನುಜ್ಞಾಪತ್ರವಿಲ್ಲದವರಿಗೆ ವಾಹನ ಚಲಾಯಿಸಲು ಬಿಡುವುದು ಕಲಂ 180ರಡಿ ಮಾಲೀಕರ ಅಪರಾಧವಾಗಿದೆ. ಅನರ್ಹಗೊಂಡ ವ್ಯಕ್ತಿಯು ಆ ಅವಧಿಯಲ್ಲಿ ಚಾಲನೆ ಮಾಡಬಾರದೆಂಬ ಪಾಲಿಸಿಯ ಷರತ್ತು ಉಲ್ಲಂಘನೆಯಾದಲ್ಲಿ, ವಿಮಾ ಕಂಪನಿಯು ಅದನ್ನು ತನ್ನ ರಕ್ಷಣೆಗೆ ಮುಂದಿಡಬಹುದು. ಗಾಯಾಳುವಿಗೆ ಅಥವಾ ಮೃತರ ಕುಟುಂಬಕ್ಕೆ ವಿಮಾ ಕಂಪನಿಯು ಪರಿಹಾರ ನೀಡಿದರೂ, ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಹಲವು ವರ್ಷಗಳ ದುಡಿಮೆಯು ಒಂದೇ ಅಪಘಾತದಲ್ಲಿ ಕೈತಪ್ಪುವ ಸಂಭವವಿರುವುದರಿಂದ, ಚಾಲಕರ ಅನುಜ್ಞಾಪತ್ರದ ಸ್ಥಿತಿಯನ್ನು ಸಾರಥಿ ಜಾಲತಾಣದಲ್ಲಿ ಆಗಾಗ್ಗೆ ಪರಿಶೀಲಿಸುವುದು ಅಪೇಕ್ಷಣೀಯ.

8. ಕಚೇರಿಗೆ ಬರುವಾಗ ತರಬೇಕಾದವು

ಅಮಾನತು ಆದೇಶದ ಪ್ರತಿ, ಅದನ್ನು ಸ್ವೀಕರಿಸಿದ ದಿನಾಂಕದ ಪುರಾವೆ, ಅನುಜ್ಞಾಪತ್ರ ಅಥವಾ ಅದನ್ನು ಒಪ್ಪಿಸಿದ ರಸೀದಿ, ತರಬೇತಿ ಪೂರ್ಣಗೊಳಿಸಿದ ಪ್ರಮಾಣಪತ್ರ ಹಾಗೂ ರಾಜಿ ಮೊತ್ತ ಪಾವತಿಸಿದ್ದಲ್ಲಿ ಅದರ ರಸೀದಿ. ಆದೇಶ ಸ್ವೀಕರಿಸಿದ ದಿನದಿಂದಲೇ ಮೇಲ್ಮನವಿಯ ಕಾಲಮಿತಿ ಆರಂಭವಾಗುವುದರಿಂದ ಆ ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಅನುಜ್ಞಾಪತ್ರವು ಮರಳಿ ಕೈಸೇರುವವರೆಗೆ ವಾಹನ ಚಲಾಯಿಸದಿರುವುದೇ ಮೊಕದ್ದಮೆಯಿಂದ ದೂರವಿರುವ ಅತ್ಯಂತ ಸುಲಭ ಮಾರ್ಗವಾಗಿರುತ್ತದೆ.